ಫೋನನ್ನು ನಂಬದ ಕಾರ್ಡ್ ರೀಡರ್: ಶುವೈಖ್ ಗ್ಯಾರೇಜುಗಳಿಂದ ಒಂದು ಪಾಠ

ಇವತ್ತಿನ ಸಂಚಿಕೆ ಅಂಗೈಯಲ್ಲಿ ಹಿಡಿಯುವಂಥ ಒಂದು ಪುಟ್ಟ ಪೆಟ್ಟಿಗೆಯ ಬಗ್ಗೆ. ಅದನ್ನು ಮೊಬೈಲ್ ಫೋನಿಗೆ ಜೋಡಿಸಿಕೊಂಡರೆ ಸಾಕು, ಯಾವ ಅಂಗಡಿಯವರಾದರೂ ಗಿರಾಕಿಯ ಕ್ರೆಡಿಟ್ ಕಾರ್ಡಿನಿಂದ ಹಣ ಪಡೆಯಬಹುದು. ಇದು ಹೇಗೆ ಕೆಲಸ ಮಾಡುತ್ತೆ? ಇದನ್ನು ನಂಬಬಹುದಾ? ಎರಡೂ ಪ್ರಶ್ನೆಗೆ ಉತ್ತರ ಹುಡುಕೋಣ.

ಉದಾಹರಣೆಗೆ ಕುವೈತ್‌ನ ಶುವೈಖ್ ಇಂಡಸ್ಟ್ರಿಯಲ್ ಏರಿಯಾಗೆ ಹೋಗೋಣ. ಕೊಲ್ಲಿಯಲ್ಲಿರುವ ಕೇಳುಗರಿಗೆ ಆ ಜಾಗದ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗೆ ಹೇಳಬೇಕೆಂದರೆ, ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಹಲವು ಪಟ್ಟು ಹಿಗ್ಗಿಸಿ ಶುವೈಖ್ ಬಂದರಿನ ಹತ್ತಿರ ಹರಡಿದ ಹಾಗೆ. ಗ್ಯಾರೇಜು, ಟೈರು, ಬ್ಯಾಟರಿ, ಸ್ಪೇರ್ ಪಾರ್ಟ್ಸು, ಡೆಂಟಿಂಗು, ಪೇಂಟಿಂಗು, ಹೀಗೆ ಸಾಲು ಸಾಲು ಅಂಗಡಿಗಳು. ಕೆಲಸ ಮಾಡುವವರಲ್ಲಿ ಭಾರತದವರು ಬಹಳ. ನಮ್ಮ ಕರಾವಳಿಯ ಕಡೆಯವರೂ ಇದ್ದಾರೆ.

ಕುವೈತ್‌ನ ಬಿಸಿಲು ಸಾಮಾನ್ಯದ್ದಲ್ಲ. 2016ರ ಜುಲೈ 21ರಂದು ಅಲ್ಲಿನ ಮಿತ್ರಿಬಾ ಎಂಬಲ್ಲಿ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ವಿಶ್ವ ಹವಾಮಾನ ಸಂಸ್ಥೆ ಇದನ್ನು ಪರಿಶೀಲಿಸಿ ಒಪ್ಪಿಕೊಂಡಿದೆ. ಇಂಥ ಬಿಸಿಯಲ್ಲಿ ಬ್ಯಾಟರಿಯೊಳಗಿನ ಸೀಸದ ಫಲಕಗಳು ಬೇಗ ಸವೆಯುತ್ತವೆ. ಕಾರು ನಡುರಸ್ತೆಯಲ್ಲಿ ನಿಲ್ಲುತ್ತೆ. ಬ್ಯಾಟರಿ ಅಂಗಡಿಯ ವ್ಯಾನು ಅಲ್ಲಿಗೇ ಬಂದು ಹೊಸದು ಹಾಕಿಕೊಡುತ್ತೆ. ಕೆಲಸ ಮುಗಿದ ಮೇಲೆ ಗಿರಾಕಿ ಕೇಳುತ್ತಾರೆ: “ಕ್ಯಾಶ್ ಇಲ್ಲ ಮಾರಾಯ್ರೆ, ಕೆ-ನೆಟ್ ಉಂಟಾ?”

ಕೆ-ನೆಟ್ ಅಂದರೆ ಕುವೈತ್‌ನ ಬ್ಯಾಂಕುಗಳು ಸೇರಿ 1992ರಲ್ಲಿ ಕಟ್ಟಿದ ಪಾವತಿ ಜಾಲ. ಅಲ್ಲಿನ ಡೆಬಿಟ್ ಕಾರ್ಡುಗಳ ವ್ಯವಹಾರ ಈ ಜಾಲದ ಮೇಲೇ ಓಡುತ್ತೆ. ಹಾಗಾಗಿ ಜನರ ಬಾಯಲ್ಲಿ ಕಾರ್ಡ್ ಮಶೀನಿಗೇ ಕೆ-ನೆಟ್ ಅಂತ ಹೆಸರು ಬಿದ್ದಿದೆ. ವ್ಯಾನಿನ ಹುಡುಗ ತನ್ನ ಫೋನು ತೆಗೆದು, ಪುಟ್ಟ ರೀಡರನ್ನು ಗಿರಾಕಿಯ ಮುಂದೆ ಹಿಡಿಯುತ್ತಾನೆ.

ಈಗ ಆ ಫೋನನ್ನೊಮ್ಮೆ ನೋಡಿ. ಗಾಜು ಒಡೆದಿದೆ. ಒಳಗೆ ಎಲ್ಲಿಂದಲೋ ಇಳಿಸಿಕೊಂಡ ಆಟಗಳು, ಫಾರ್ವರ್ಡ್ ವಿಡಿಯೋಗಳು. ಗ್ಯಾರೇಜಿನಲ್ಲಿ ನಾಲ್ಕು ಜನರ ಕೈಗೆ ಹೋಗಿ ಬರುವ ಫೋನು. ಇಂಥದ್ದರ ಮುಂದೆ ನಮ್ಮ ಬ್ಯಾಂಕ್ ಕಾರ್ಡನ್ನು ಇಡೋದಾ? ಅನುಮಾನ ನ್ಯಾಯವಾದದ್ದೇ. ಆದರೆ ಈ ವ್ಯವಸ್ಥೆಯನ್ನು ರೂಪಿಸಿದವರಿಗೂ ಅದೇ ಅನುಮಾನ ಇತ್ತು. ಒಳ್ಳೆಯ ಕಾರ್ಡ್ ರೀಡರ್ ಫೋನನ್ನು ನಂಬುವುದೇ ಇಲ್ಲ. ಅದರ ಭದ್ರತೆಯ ಗುಟ್ಟು ಇರೋದೇ ಅಲ್ಲಿ.

ಮೊದಲು ಹೀಗಿರಲಿಲ್ಲ. 2009ರಲ್ಲಿ ಅಮೆರಿಕದ ಜಿಮ್ ಮೆಕೆಲ್ವಿ ಎಂಬ ಗಾಜಿನ ಕಲಾವಿದರು ತಾವು ಮಾಡಿದ ಗಾಜಿನ ನಲ್ಲಿಯೊಂದನ್ನು ಮಾರಲಾಗದೆ ಕೈಚೆಲ್ಲಿದರು. ಕಾರಣ, ಗಿರಾಕಿಯ ಕಾರ್ಡನ್ನು ತೆಗೆದುಕೊಳ್ಳುವ ವ್ಯವಸ್ಥೆ ಅವರಲ್ಲಿರಲಿಲ್ಲ. ಅವರೂ ಟ್ವಿಟರ್‌ನ ಜಾಕ್ ಡಾರ್ಸಿಯೂ ಸೇರಿ ಸ್ಕ್ವೇರ್ ಎಂಬ ಕಂಪನಿ ಶುರು ಮಾಡಿದರು. ಅವರ ಮೊದಲ ರೀಡರನ್ನು ಸಿಕ್ಕಿಸಬೇಕಾಗಿದ್ದು ಫೋನಿನ ಇಯರ್‌ಫೋನ್ ತೂತಿಗೆ! ಹಾಡು ಕೇಳುವ ತೂತಿಗೂ ಕಾರ್ಡಿಗೂ ಏನು ನಂಟು?

ಕಾರ್ಡಿನ ಹಿಂದೆ ಕಪ್ಪು ಪಟ್ಟಿ ಇರುತ್ತಲ್ಲ, ಅದು ಕ್ಯಾಸೆಟ್ ಟೇಪಿನ ಸೋದರ ಸಂಬಂಧಿ. ಅದರಲ್ಲಿ ಸಣ್ಣ ಸಣ್ಣ ಕಾಂತಗಳು ಸಾಲಾಗಿ ಕೂತಿವೆ. ಕಾರ್ಡನ್ನು ಎಳೆದಾಗ ಆ ಕಾಂತಗಳು ತಲೆಯೊಂದರ ಮುಂದೆ ಹಾದು ಹೋಗುತ್ತವೆ. ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ ಅಂತ ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರಲ್ಲ, ಅದೇ ನಿಯಮ. ಸ್ವಲ್ಪ ಲೆಕ್ಕ ಮಾಡೋಣ. ಕಾರ್ಡ್ ಸಂಖ್ಯೆ ಇರುವ ಎರಡನೆಯ ಸಾಲಿನಲ್ಲಿ ಅಂಗುಲಕ್ಕೆ 75 ಬಿಟ್‌ಗಳಿವೆ. ಸೆಕೆಂಡಿಗೆ 10 ಅಂಗುಲ ವೇಗದಲ್ಲಿ ಎಳೆದರೆ 750 ಬಿಟ್‌ಗಳು. ಇಷ್ಟು ಬೇಗ ಏರಿಳಿಯುವ ವಿದ್ಯುತ್ ನಮ್ಮ ಕಿವಿಗೆ ಕೇಳುವ ಶಬ್ದದ ವ್ಯಾಪ್ತಿಯೊಳಗೇ ಬರುತ್ತೆ. ಅಂದರೆ ಫೋನು ಕಾರ್ಡನ್ನು ಓದುತ್ತಿರಲಿಲ್ಲ, ಮೈಕಿನ ದಾರಿಯಲ್ಲಿ ಕೇಳಿಸಿಕೊಳ್ಳುತ್ತಿತ್ತು!

ಜಾಣತನವೇನೋ ಹೌದು. ಆದರೆ ತೊಂದರೆಯೂ ಅಲ್ಲೇ ಇತ್ತು. ಆ ಮೊದಲ ರೀಡರ್ ಮಾಹಿತಿಯನ್ನು ಮುಚ್ಚದೆ ಹಾಗೇ ಫೋನಿಗೆ ಕೊಡುತ್ತಿತ್ತು. ಕಾರ್ಡ್ ಮಶೀನುಗಳ ಹಳೆಯ ಕಂಪನಿ ವೆರಿಫೋನ್ 2011ರಲ್ಲಿ ಇದನ್ನು ಬಹಿರಂಗವಾಗಿ ಟೀಕಿಸಿತು. ಕಪ್ಪು ಪಟ್ಟಿಯ ಸ್ವಭಾವವೇ ಹಾಗೆ, ಪ್ರತಿ ಸಲವೂ ಅದೇ ಮಾತು ಹೇಳುತ್ತೆ. ಒಮ್ಮೆ ಕೇಳಿಸಿಕೊಂಡವನು ಅದನ್ನೇ ಇನ್ನೊಂದು ಖಾಲಿ ಕಾರ್ಡಿನ ಮೇಲೆ ಬರೆಯಬಹುದು. ನಕಲಿಗೂ ಅಸಲಿಗೂ ವ್ಯತ್ಯಾಸ ಗೊತ್ತಾಗೋದಿಲ್ಲ.

ಇದಕ್ಕೆ ಉತ್ತರ ಕಾರ್ಡಿನ ಮುಂದೆ ಕಾಣುವ ಹೊಂಬಣ್ಣದ ಚಿಪ್ಪು. ಅದು ಬರೀ ನೆನಪಿನ ಡಬ್ಬಿಯಲ್ಲ, ಪುಟ್ಟ ಕಂಪ್ಯೂಟರು. ಒಳಗೊಂದು ರಹಸ್ಯ ಕೀಲಿ ಇದೆ, ಅದು ಎಂದೂ ಹೊರಗೆ ಬರೋದಿಲ್ಲ. ರೀಡರು ಈ ಚಿಪ್ಪಿಗೆ ಮೊತ್ತ, ದಿನಾಂಕ, ಜೊತೆಗೆ ಆ ಕ್ಷಣದಲ್ಲಿ ಹುಟ್ಟಿಸಿದ ಒಂದು ಅಡ್ಡಾದಿಡ್ಡಿ ಸಂಖ್ಯೆ ಕೊಡುತ್ತೆ. ಚಿಪ್ಪು ತನ್ನ ಕೀಲಿ ಬಳಸಿ ಇವೆಲ್ಲವನ್ನೂ ಅರೆದು 8 ಬೈಟಿನ ಒಂದು ಮುದ್ರೆ ಒತ್ತುತ್ತೆ. ಅದೇ ಕೀಲಿಯ ಜೋಡಿ ಬ್ಯಾಂಕಿನಲ್ಲಿದೆ. ಅವರು ತಮ್ಮಲ್ಲೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತಾರೆ. ಮುಂದಿನ ವ್ಯವಹಾರಕ್ಕೆ ಬೇರೆಯದೇ ಮುದ್ರೆ. ಇವತ್ತಿನದನ್ನು ಕದ್ದವನಿಗೆ ನಾಳೆ ಅದರಿಂದ ಕವಡೆ ಪ್ರಯೋಜನವಿಲ್ಲ. ಭಾರತದಲ್ಲಿ ಬ್ಯಾಂಕುಗಳು 2018ರ ಕೊನೆಯೊಳಗೆ ಎಲ್ಲರಿಗೂ ಚಿಪ್ ಕಾರ್ಡು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಇದೇ ಕಾರಣಕ್ಕೆ. 2033ರ ಹೊತ್ತಿಗೆ ತನ್ನ ಕಾರ್ಡುಗಳಲ್ಲಿ ಕಪ್ಪು ಪಟ್ಟಿಯೇ ಇರುವುದಿಲ್ಲ ಎಂದು ಮಾಸ್ಟರ್‌ಕಾರ್ಡ್ ಪ್ರಕಟಿಸಿದೆ.

ಹಾಗಾದರೆ ತೂರಿಸದೆ, ಬರೀ ತಾಗಿಸಿದರೆ ಹೇಗೆ ಕೆಲಸ ಆಗುತ್ತೆ? ಮತ್ತೆ ಫ್ಯಾರಡೆ. ರೀಡರಿನೊಳಗಿನ ಸುರುಳಿ ಸೆಕೆಂಡಿಗೆ 1 ಕೋಟಿ 35 ಲಕ್ಷದ 60 ಸಾವಿರ ಸಲ, ಅಂದರೆ 13.56 ಮೆಗಾಹರ್ಟ್ಸ್‌ನಲ್ಲಿ, ಕಾಂತಕ್ಷೇತ್ರವನ್ನು ಅಲುಗಿಸುತ್ತೆ. ಕಾರ್ಡಿನ ಅಂಚಿನಲ್ಲಿ ಅಡಗಿರುವ ತಂತಿ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಚಿಪ್ಪು ಎಚ್ಚರಗೊಳ್ಳುತ್ತೆ. ಬ್ಯಾಟರಿ ಬೇಕಿಲ್ಲ. ಕೆಲವು ಸೆಂಟಿಮೀಟರ್ ದೂರ ಹೋದರೆ ಕ್ಷೇತ್ರ ಕ್ಷೀಣಿಸಿ, ಚಿಪ್ಪು ಮತ್ತೆ ನಿದ್ದೆಗೆ ಜಾರುತ್ತೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಾರ್ಡು ಹೇಳಿದ್ದನ್ನು ರೀಡರು ಫೋನಿಗೆ ಹೇಗೆ ಕೊಡುತ್ತೆ? ಅಂಟು ಹಾಕಿದ ಲಕೋಟೆಯಲ್ಲಿ. ಕಾರ್ಡ್ ಸಂಖ್ಯೆಯನ್ನೂ ಪಿನ್ನನ್ನೂ ರೀಡರು ತನ್ನೊಳಗೇ ಗೂಢಲಿಪಿಗೆ ತಿರುಗಿಸಿ, ಆಮೇಲಷ್ಟೇ ಬ್ಲೂಟೂತ್‌ನಲ್ಲಿ ಹೊರಗೆ ಬಿಡುತ್ತೆ. ಫೋನು ಬರೀ ಅಂಚೆಯವನು. ಲಕೋಟೆ ಒಯ್ಯುತ್ತಾನೆ, ಒಡೆಯಲಾರ. ಒಡೆಯುವ ಕೀಲಿ ಇರುವುದು ದೂರದ ಪಾವತಿ ಕೇಂದ್ರದಲ್ಲಿ. ಅದಲ್ಲದೆ ಪ್ರತಿ ವ್ಯವಹಾರಕ್ಕೂ ಹೊಸ ಕೀಲಿ. ರಸೀದಿ ಪುಸ್ತಕದ ಹಾಳೆ ಹರಿದ ಹಾಗೆ, ಒಮ್ಮೆ ಬಳಸಿದ್ದು ಮತ್ತೆ ಬರೋದಿಲ್ಲ. ಯಾರಾದರೂ ರೀಡರನ್ನು ಬಿಚ್ಚಿ ನೋಡಲು ಹೋದರೆ, ಒಳಗಿನ ತಂತಿಜಾಲ ತುಂಡಾಗಿ ಕೀಲಿಗಳೆಲ್ಲ ತಾವಾಗಿ ಅಳಿಸಿಹೋಗುತ್ತವೆ. ಹೀಗಾಗಿ ಫೋನಿನೊಳಗೆ ವೈರಸ್ ಕೂತಿದ್ದರೂ ಅದಕ್ಕೆ ಸಿಗೋದು ಅರ್ಥವಿಲ್ಲದ ಅಕ್ಷರರಾಶಿ ಮಾತ್ರ.

ಫೋನಿನ ಜೊತೆಗೆ ಕೆಲಸ ಮಾಡುವ ಇಂಥ ಯಂತ್ರಗಳ ಉದ್ಯಮ ನಮ್ಮ ಬೆಂಗಳೂರಿನಲ್ಲೂ ಬೆಳೆಯಿತು. 2011ರಲ್ಲಿ ಅಲ್ಲಿ ಆರಂಭವಾದ ಈಝಿಟ್ಯಾಪ್ ಕಂಪನಿಯನ್ನು 2022ರಲ್ಲಿ ರೇಜರ್‌ಪೇ ಕೊಂಡುಕೊಂಡಿತು. ಈಗ ರೀಡರೂ ಬೇಡ, ಫೋನಿಗೇ ಕಾರ್ಡು ತಾಗಿಸಿ ಅನ್ನುವ ವ್ಯವಸ್ಥೆಯೂ ಬಂದಿದೆ. ಅಲ್ಲೂ ಆ್ಯಪ್ ಉಳಿದ ಫೋನನ್ನು ಅನುಮಾನದಿಂದಲೇ ನೋಡುತ್ತೆ. ಬೀಗ ಮುರಿದ, ಅಂದರೆ ರೂಟ್ ಮಾಡಿದ ಫೋನಾದರೆ ಕೆಲಸ ಮಾಡೋಕೆ ಒಪ್ಪೋದಿಲ್ಲ.

ಇಷ್ಟೆಲ್ಲ ಕಟ್ಟೆಚ್ಚರ ಇದ್ದ ಮೇಲೆ ತೊಂದರೆ ಎಲ್ಲಿಂದ ಬರುತ್ತೆ? ಎರಡು ಕಡೆಯಿಂದ. ಒಂದು ಮೊತ್ತ, ಇನ್ನೊಂದು ನೆಟ್‌ವರ್ಕು.

ಮೊತ್ತದ ಕಥೆ ಕುವೈತ್‌ನಲ್ಲಿ ವಿಶೇಷ. ರೂಪಾಯಿಗೆ 100 ಪೈಸೆ. ಆದರೆ ಕುವೈತ್ ದಿನಾರ್‌ಗೆ 1000 ಫಿಲ್ಸ್. ಬಿಂದುವಿನ ನಂತರ ಮೂರು ಅಂಕಿ. ಕಾರ್ಡಿನ ಸಂದೇಶದಲ್ಲಿ ಮೊತ್ತ ಹೋಗುವಾಗ ಬಿಂದುವೇ ಇರೋದಿಲ್ಲ, 12 ಅಂಕಿಗಳ ಒಂದು ಸಾಲು ಅಷ್ಟೆ. ಬ್ಯಾಟರಿಗೆ 22.500 ದಿನಾರ್ ಅನ್ನಿ. ಅದು 000000022500 ಅಂತ ಹೋಗುತ್ತೆ. ಬಿಂದು ಎಲ್ಲಿ ಅಂತ ತಿಳಿಯೋದು ಜೊತೆಗೆ ಹೋಗುವ ಹಣದ ಸಂಕೇತದಿಂದ. ದಿನಾರ್‌ಗೆ 414, ರೂಪಾಯಿಗೆ 356. ಎರಡೇ ಅಂಕಿಗೆ ಬರೆದ ತಂತ್ರಾಂಶ ಇದೇ ಸಾಲನ್ನು 225 ಅಂತ ಓದೀತು. ಹತ್ತು ಪಟ್ಟು! ಒಂದು ದಿನಾರ್ ಅಂದರೆ 250 ರೂಪಾಯಿಗೂ ಮೇಲೆ ಅನ್ನೋದನ್ನು ಮರೀಬೇಡಿ. ಚಿಪ್ಪು ಒತ್ತುವ ಮುದ್ರೆ ಮೊತ್ತ ದಾರಿಯಲ್ಲಿ ಬದಲಾಗದಂತೆ ಕಾಯುತ್ತೆ, ನಿಜ. ಆದರೆ ಹುಡುಗನೇ ಬೆವರು ಕೈಯಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿದರೆ? ತಪ್ಪು ಮೊತ್ತಕ್ಕೇ ಸರಿಯಾದ ಮುದ್ರೆ ಬೀಳುತ್ತೆ. ಅದನ್ನು ಹಿಡಿಯಬೇಕಾದ್ದು ಮನುಷ್ಯನ ಕಣ್ಣು. ಕಾರ್ಡು ತಾಗಿಸುವ ಮೊದಲು ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಿ, ಗಿರಾಕಿಗೂ ತೋರಿಸಿ.

ಎರಡನೆಯದು ನೆಟ್‌ವರ್ಕು. ಕಾರ್ಡು ತಾಗಿಸಿದಿರಿ. ಸಂದೇಶ ಫೋನಿನಿಂದ ಪಾವತಿ ಕಂಪನಿಗೆ, ಅಲ್ಲಿಂದ ಕೆ-ನೆಟ್, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ, ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ ಹೋಯಿತು. ಬ್ಯಾಂಕು “ಸರಿ” ಅಂತು. ಆದರೆ ಆ “ಸರಿ” ವಾಪಸು ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಅಥವಾ ಬಿಸಿಲಿಗೆ ಕಾದು ಫೋನೇ ಆಫ್ ಆಯಿತು. ಗಿರಾಕಿ ಹೇಳುತ್ತಾರೆ, “ದುಡ್ಡು ಕಟ್ಟಾಗಿದೆ, ಮೆಸೇಜ್ ಬಂತಲ್ಲ!” ಹುಡುಗ ಹೇಳುತ್ತಾನೆ, “ನನಗೇನೂ ಬಂದಿಲ್ಲ ಸಾರ್.” ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ!

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಿದ್ಧ ಒಗಟಿದೆ, ಇಬ್ಬರು ಸೇನಾಪತಿಗಳ ಸಮಸ್ಯೆ ಅಂತ. ಎರಡು ಗುಡ್ಡದ ಮೇಲೆ ಇಬ್ಬರು ಸೇನಾಪತಿಗಳು. ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೇ ನುಗ್ಗಬೇಕು. ದೂತನನ್ನು ಕಳಿಸಿದರೆ ಅವನು ದಾರಿಯಲ್ಲಿ ಸಿಕ್ಕಿಬೀಳಬಹುದು. “ಸಂದೇಶ ತಲುಪಿತು” ಅಂತ ಹೇಳಲು ಬರುವವನೂ ಸಿಕ್ಕಿಬೀಳಬಹುದು. ಎಷ್ಟು ದೂತರನ್ನು ಕಳಿಸಿದರೂ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗೋದಿಲ್ಲ ಅಂತ ಗಣಿತವೇ ಸಾಧಿಸಿ ತೋರಿಸಿದೆ. ನೆಟ್‌ವರ್ಕ್ ಎಷ್ಟೇ ಸುಧಾರಿಸಿದರೂ ಈ ಸಂದೇಹ ಸೊನ್ನೆಗೆ ಇಳಿಯೋದಿಲ್ಲ.

ಹಾಗಂತ ಸುಮ್ಮನೆ ಕೂರಬೇಕಿಲ್ಲ. ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತೆ. ಉತ್ತರ ಬಾರದಿದ್ದರೆ ಯಂತ್ರ ಅದೇ ಸಂಖ್ಯೆ ಹಿಡಿದು “ಇದು ಆಯಿತಾ?” ಅಂತ ವಿಚಾರಿಸಬಹುದು, ಇಲ್ಲವೇ “ಇದನ್ನು ರದ್ದು ಮಾಡಿ” ಅಂತ ಕೇಳಬಹುದು. ಎಷ್ಟು ಸಲ ವಿಚಾರಿಸಿದರೂ ಹಣ ಎರಡು ಸಲ ಕಡಿತವಾಗೋದಿಲ್ಲ. ಆದರೆ ಹುಡುಗ ಗಡಿಬಿಡಿಯಲ್ಲಿ ಮತ್ತೊಮ್ಮೆ 22.500 ಒತ್ತಿ ಕಾರ್ಡು ಕೇಳಿದರೆ? ಅದು ಹೊಸ ಸಂಖ್ಯೆ, ಹೊಸ ವ್ಯವಹಾರ. ಎರಡನೇ ಸಲ ಹಣ ಹೋಗೋದು ಹೀಗೆ. ಗಿರಾಕಿಗೆ ಐದೂವರೆ ಸಾವಿರ ರೂಪಾಯಿಗೂ ಹೆಚ್ಚು ಹೊರೆ. ಅವರ ದೂರು ಬಂದರೆ ಮಾಲೀಕರು ಮೊದಲು ಕರೆಯೋದು ವ್ಯಾನಿನ ಹುಡುಗನನ್ನೇ. ಬೇರೆ ದೇಶದಲ್ಲಿ, ಮಾಲೀಕರ ವೀಸಾದ ಮೇಲೆ ದುಡಿಯುವವನಿಗೆ ಅದು ಸಣ್ಣ ಮಾತಲ್ಲ.

ಹಾಗಾಗಿ ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ರೀಡರ್ ಹಿಡಿಯುವ ನಮ್ಮವರಿಗೆ ನಾಲ್ಕು ಮಾತು. ಗಿರಾಕಿಯ ಫೋನಿನಲ್ಲಿ ಕಾಣುವ ಮೆಸೇಜು, ಸ್ಕ್ರೀನ್‌ಶಾಟು ಪುರಾವೆಯಲ್ಲ. ನಿಮ್ಮದೇ ಆ್ಯಪಿನ ವ್ಯವಹಾರಗಳ ಪಟ್ಟಿ ನೋಡಿ. ಅನುಮಾನ ಬಂದರೆ ಮತ್ತೆ ಒತ್ತುವ ಮೊದಲು ಹಳೆಯದರ ಸ್ಥಿತಿ ಏನಾಯಿತು ಅಂತ ವಿಚಾರಿಸಿ. ಪಿನ್ನನ್ನು ಗಿರಾಕಿಯೇ ಒತ್ತಲಿ. “ಅಣ್ಣಾ, ನೀವೇ ಒತ್ತಿಬಿಡಿ” ಅಂದರೂ ಬೇಡ. ಕಾರ್ಡಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳುವುದು, ಫೋಟೋ ತೆಗೆಯುವುದು ಖಂಡಿತ ಬೇಡ. ಲಕೋಟೆಗೆ ಹಾಕಿದ ಅಂಟೆಲ್ಲ ಅಲ್ಲೇ ವ್ಯರ್ಥವಾಗುತ್ತೆ. ಕೊನೆಯದು, ರೀಡರಿನ ಖಾತೆ ಅಂಗಡಿಯ ಲೈಸೆನ್ಸ್ ಇರುವವರ ಹೆಸರಿನಲ್ಲೇ ಇರಲಿ. ಮಾಲೀಕರು ಹೇಳಿದರೂ ನಿಮ್ಮ ಸ್ವಂತ ಖಾತೆಗೆ ಅಂಗಡಿಯ ಹಣ ಹಾಕಿಸಿಕೊಳ್ಳಬೇಡಿ. ನಾಳೆ ಲೆಕ್ಕ ಕೇಳಿದಾಗ ಉತ್ತರ ಕೊಡಬೇಕಾದವರು ನೀವಾಗುತ್ತೀರಿ.

ಕಾರ್ಡು ಫೋನನ್ನು ನಂಬೋದಿಲ್ಲ, ರೀಡರು ಫೋನನ್ನು ನಂಬೋದಿಲ್ಲ, ಬ್ಯಾಂಕು ಮುದ್ರೆ ತಾಳೆಯಾಗುವವರೆಗೆ ಯಾರನ್ನೂ ನಂಬೋದಿಲ್ಲ. ಯಂತ್ರಗಳು ಇಷ್ಟು ಅನುಮಾನ ಪಡುವುದರಿಂದಲೇ, ಮುಖಪರಿಚಯವಿಲ್ಲದ ಇಬ್ಬರು ನಡುರಸ್ತೆಯಲ್ಲಿ ನಿಂತು ವ್ಯವಹಾರ ಮುಗಿಸಿ ಹೊರಡಬಹುದು.

ಇವತ್ತಿಗೆ ಇಷ್ಟು. ನಿಮ್ಮ ಊರಿನಲ್ಲಿ, ನಿಮ್ಮ ಅಂಗಡಿಯಲ್ಲಿ ಇಂಥ ಯಂತ್ರಗಳ ಬಗ್ಗೆ ಏನಾದರೂ ಪ್ರಶ್ನೆ ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.