ಮಾತ್ರೆ ಐದಕ್ಕೆ, ಕಾಫಿ ಆರಕ್ಕೆ

ಪ್ರಶ್ನೆ: ನಮ್ಮದು ಕಳಸದ ಹತ್ತಿರ ಸಣ್ಣ ಕಾಫಿ ತೋಟ. ನನಗೆ 48 ವರ್ಷ. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. 50 ಮೈಕ್ರೋಗ್ರಾಂನಿಂದ ಶುರುವಾಗಿದ್ದು ಈಗ 100ಕ್ಕೆ ಬಂದಿದೆ, ಆದರೂ ಟಿಎಸ್ಎಚ್ ಇಳಿದಿಲ್ಲ. ಸುಸ್ತು ಹಾಗೇ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿ, ಬೆಲ್ಲದ ಕಾಫಿಯ ಜೊತೆ ಖಾಲಿ ಹೊಟ್ಟೆಯಲ್ಲೇ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಗಳು ಕಾಫಿ ಬಿಡು ಎನ್ನುತ್ತಾಳೆ. ಕಾಫಿ ಬೆಳೆಯುವ ಮನೆಯಲ್ಲಿ ಅದು ಆಗುವ ಮಾತೇ? ಅತ್ತೆಗೆ ಹೃದಯದಲ್ಲಿ ಲೋಹದ ವಾಲ್ವ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಇದೆ. ಸೊಪ್ಪು ತಿನ್ನಬಾರದೆಂದು ಯಾರೋ ಹೇಳಿದ್ದರಿಂದ ಮೂರು ವಾರದಿಂದ ಪೂರ್ತಿ ಬಿಟ್ಟಿದ್ದಾರೆ. ಈಚೆಗೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆ. ಮನೆಯವರಿಗೆ ಬಿಪಿ, ಕೊಲೆಸ್ಟರಾಲ್ ಮಾತ್ರೆ. ಹಿತ್ತಲಿನ ಚಕ್ಕೋತದ ಮರದ ತುಂಬ ಹಣ್ಣು. ಏನು ತಿನ್ನಬೇಕು, ಏನು ಬಿಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಸಡಿನ ರಕ್ತದ ಮಾತು. ಅತ್ತೆಯವರನ್ನು ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್ಆರ್ ಪರೀಕ್ಷೆ ಮಾಡಿಸಿ ಎಂದು ಫೋನಿನಲ್ಲಿ ಹೇಳಿದ್ದೆ. ಇಲ್ಲಿ ಮತ್ತೆ ಬರೆಯುವುದು ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರಿಗೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ ಬಂದರೆ, ಮಲ ಕಪ್ಪಗಾದರೆ, ಪತ್ರಿಕೆಗೆ ಪತ್ರ ಬರೆದು ಕಾಯುವ ಹೊತ್ತಲ್ಲ ಅದು.

ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ವಾರ್ಫರಿನ್, ಅಸಿನೊಕೌಮರಾಲ್ ಮಾತ್ರೆಗಳು ಅದರ ಕೆಲಸವನ್ನೇ ತಡೆಯುತ್ತವೆ. ಹರಿವೆ, ನುಗ್ಗೆ, ಕೆಸುವಿನಂಥ ಹಸಿರೆಲೆಗಳಲ್ಲಿ ಈ ವಿಟಮಿನ್ ಧಾರಾಳ. ಆದ್ದರಿಂದ ಆಷಾಢದ ಮಳೆಯಲ್ಲಿ ವಾರಪೂರ್ತಿ ಪತ್ರೊಡೆ ತಿಂದರೆ ಮಾತ್ರೆ ಸೋಲುತ್ತದೆ, ವಾಲ್ವಿನಲ್ಲಿ ರಕ್ತ ಗಟ್ಟಿಯಾಗುವ ಭಯ. ಇಷ್ಟನ್ನು ಊರಲ್ಲಿ ಯಾರಾದರೂ ಹೇಳುತ್ತಾರೆ. ಇದರ ಇನ್ನೊಂದು ಮಗ್ಗುಲನ್ನು ಹೇಳುವವರು ಕಡಿಮೆ. ಸೊಪ್ಪು ತಿನ್ನುತ್ತಿದ್ದ ದಿನಗಳಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಹೊಂದಿಸಿದ ಪ್ರಮಾಣ ಅದು. ಸೊಪ್ಪನ್ನು ಒಮ್ಮೆಲೇ ಬಿಟ್ಟರೆ ಅದೇ ಮಾತ್ರೆ ಅತಿಯಾಗುತ್ತದೆ. ವಸಡಿನ ರಕ್ತಕ್ಕೆ ಇದೇ ಕಾರಣವಿರಬಹುದು, ಬೇರೆಯದೂ ಇರಬಹುದು, ಪರೀಕ್ಷೆಯೇ ಹೇಳಬೇಕು. ಪ್ರಮಾಣ ಸರಿಹೋದ ಮೇಲೆ ಅತ್ತೆಯವರು ಸೊಪ್ಪು ತಿನ್ನಲಿ. ವಾರಕ್ಕೆ ಎರಡು ದಿನವೆಂದರೆ ಎರಡು ದಿನ, ಮಳೆಗಾಲಕ್ಕೂ ಬೇಸಿಗೆಗೂ ಹೆಚ್ಚುಕಡಿಮೆ ಒಂದೇ ಅಳತೆ. ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಇನ್ನು ನಿಮ್ಮ ಕಾಫಿ. ಬಿಡಬೇಕಿಲ್ಲ. ಬಾಬಾಬುಡನ್ ಏಳು ಬೀಜ ತಂದರೆಂದು ನಂಬಿದ ಸೀಮೆಯಲ್ಲಿ ಹುಟ್ಟಿದವರಿಗೆ ಕಾಫಿ ಬಿಡಿ ಎಂದು ಹೇಳಿದರೆ ಮಾತ್ರೆಯನ್ನೇ ಬಿಟ್ಟಾರು! ಆದರೆ ನೀವು ಎರಡನ್ನೂ ಒಂದೇ ಗುಟುಕಿಗೆ ಸೇರಿಸಿದ್ದೀರಿ. ಖಾಲಿ ಹೊಟ್ಟೆ ಎಂದರೆ ದೋಸೆ, ಕಡುಬು ತಿನ್ನದಿರುವುದು ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ; ಕಾಫಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಥೈರಾಯ್ಡ್ ಮಾತ್ರೆಯಾದ ಲಿವೊಥೈರಾಕ್ಸಿನ್ ಅನ್ನು ಕರುಳು ಹೀರಿಕೊಳ್ಳುವುದನ್ನು ಕಾಫಿ ತಗ್ಗಿಸುತ್ತದೆ. ಪ್ರಮಾಣ ಏರಿಸಿದರೂ ಟಿಎಸ್ಎಚ್ ಇಳಿಯದ ರೋಗಿಗಳನ್ನು ಇಟಲಿಯ ವೈದ್ಯರು ವಿಚಾರಿಸಿದಾಗ, ಅವರು ಎಸ್ಪ್ರೆಸೊ ಕಾಫಿಯ ಜೊತೆ ಮಾತ್ರೆ ನುಂಗುತ್ತಿದ್ದುದು ತಿಳಿಯಿತು. 2008ರಲ್ಲಿ ಆ ವರದಿ ಪ್ರಕಟವಾಯಿತು. ಹಾಲು ಹಾಕಿದ ಕಾಫಿಯಾದರೆ ಅದರ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ.

ಎದ್ದ ಕೂಡಲೇ ಒಂದು ಲೋಟ ನೀರಿನಲ್ಲಿ ಮಾತ್ರೆ ನುಂಗಿ. ಒಲೆ ಹಚ್ಚಿ, ಕೊಟ್ಟಿಗೆ ಕೆಲಸ ಮುಗಿಸಿ ಬನ್ನಿ. ಒಂದು ಗಂಟೆಯ ಮೇಲೆ ಕಾಫಿ. ಬೆಳಗಿನ ಆ ಗಂಟೆ ಸಾಧ್ಯವಿಲ್ಲದವರು, ಡಾಕ್ಟರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರವಿರಲಿ. ಡಬ್ಬಿಯನ್ನು ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಬಿಸಿಗೂ ನಮ್ಮ ಮಳೆಗಾಲದ ತೇವಕ್ಕೂ ಈ ಮಾತ್ರೆ ಕೆಡುತ್ತದೆ.

ಒಂದು ಎಚ್ಚರಿಕೆ ಬಹಳ ಮುಖ್ಯ. ನಿಮ್ಮ 100 ಮೈಕ್ರೋಗ್ರಾಂ ಕಾಫಿಯ ಜೊತೆ ಅರೆಬರೆ ಒಳಗೆ ಹೋಗುತ್ತಿದ್ದಾಗ ಬರೆದುಕೊಟ್ಟ ಪ್ರಮಾಣ. ಇನ್ನು ಅದು ಹೆಚ್ಚು ದಕ್ಕಿದರೆ ಜಾಸ್ತಿಯಾಗಬಹುದು. ಎದೆ ಡವಡವ, ಕೈ ನಡುಕ, ನಿದ್ದೆಗೇಡು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಾಯಬೇಡಿ. ಹೊತ್ತು ಬದಲಿಸುವ ಮುನ್ನವೇ ನಿಮ್ಮ ಡಾಕ್ಟರಿಗೆ ಕಾಫಿಯ ವಿಷಯ ಹೇಳಿ, ಆರರಿಂದ ಎಂಟು ವಾರಕ್ಕೆ ಟಿಎಸ್ಎಚ್ ಮತ್ತೆ ನೋಡಿಸಿ. ಅವರು ಕೇಳಲಿಲ್ಲ, ನೀವು ಹೇಳಲಿಲ್ಲ; ಎರಡು ವರ್ಷ ಹೀಗೆ ಕಳೆದುಹೋಗಿದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಿಮ್ಮ ಯಜಮಾನರ ಕೊಲೆಸ್ಟರಾಲ್ ಮಾತ್ರೆಯ ಹೆಸರು ನೋಡಿ. ಅಟೊರ್ವಾಸ್ಟಾಟಿನ್ ಅಥವಾ ಸಿಂವಾಸ್ಟಾಟಿನ್ ಆಗಿದ್ದರೆ ಚಕ್ಕೋತದಿಂದ ದೂರವಿರುವುದು ಒಳ್ಳೆಯದು. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ಮಾಡುವ ಕಿತಾಪತಿ ಕೆನಡಾದ ಡೇವಿಡ್ ಬೈಲಿ ಅವರ ತಂಡಕ್ಕೆ ಆಕಸ್ಮಿಕವಾಗಿ ಕಂಡಿತು. ಫೆಲೋಡಿಪಿನ್ ಎಂಬ ಬಿಪಿ ಔಷಧವನ್ನು ಮದ್ಯದ ಜೊತೆ ಕೊಟ್ಟು ನೋಡುವ ಪ್ರಯೋಗದಲ್ಲಿ ಮದ್ಯದ ರುಚಿ ಮರೆಸಲು ಆ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ನೆನೆಸದಷ್ಟು ಏರಿತ್ತು. ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ಹಣ್ಣು ಕೆಡಿಸುತ್ತದೆ, ಹೊಸ ಕಿಣ್ವ ಬರಲು ದಿನಗಳೇ ಬೇಕು. ಹಾಗಾಗಿ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ನಡೆಯದು. ಅವರು ತೋಟದ ಕಿತ್ತಳೆ ತಿನ್ನಲಿ, ಅದಕ್ಕೆ ಈ ದೋಷವಿಲ್ಲ. ರೊಸುವಾಸ್ಟಾಟಿನ್‌ಗೂ ಈ ತೊಂದರೆಯಿಲ್ಲ.

ನೀವು ಕೇಳದ ಒಂದು ಮಾತು. ನಿಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಬಸುರಿಯರಿದ್ದರೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ಅವರ ಬಳಿ ಇರುತ್ತದೆ. ತೋಟದಲ್ಲಿ ನೀವು ಕೊಡುವ ಕಾಫಿ, ಚಹಾದ ಜೊತೆಗೇ ಅದನ್ನು ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ನಿಂಬೆಹಣ್ಣಿನ ನೀರಿನಲ್ಲಿ ನುಂಗಲು ಹೇಳಿ. ಎರಡು ಗಂಟೆ ಕಳೆದ ಮೇಲೆ ಅವರಿಗೂ ಕಾಫಿ ಕೊಡಿ.