ನೀರು ಇದ್ದೂ ಗಿಡ ಬಾಡ್ತಿದೆಯಾ? ಎಲೆ ಬಿಡಿ, ಬೇರು ನೋಡಿ

ಮಧ್ಯಾಹ್ನ ಟೊಮ್ಯಾಟೊ ಗಿಡ ಬಾಡಿ ನಿಂತರೆ ನಮ್ಮ ಕೈ ಮೊದಲು ಹೋಗೋದು ಡ್ರಿಪ್ ವಾಲ್ವ್ ಕಡೆಗೆ. ಎರಡು ದಿನ ನೀರು ಬಿಟ್ಟರೂ ಗಿಡ ಏಳಲಿಲ್ಲ ಅಂದ್ರೆ ಔಷಧಿ ಅಂಗಡಿಗೆ ಹೋಗ್ತೀವಿ. ಒಂದು ಟಾನಿಕ್, ಒಂದು ಶಿಲೀಂಧ್ರನಾಶಕ ತರ್ತೀವಿ. ದುಡ್ಡು ಖರ್ಚಾಗುತ್ತೆ, ಗಿಡ ಮಾತ್ರ ಹಾಗೇ ಇರುತ್ತೆ.

ನನ್ನ ವಾಟ್ಸಾಪ್‌ಗೆ ಬರೋದೆಲ್ಲಾ ಎಲೆ ಫೋಟೊಗಳೇ. ಹಳದಿ ಎಲೆ, ಮುದುಡಿದ ಎಲೆ, ಬಾಡಿದ ಎಲೆ. ಬೇರಿನ ಫೋಟೊ ಕಳಿಸೋರು ತೀರಾ ಕಡಿಮೆ. ತೋಟಗಾರಿಕೆ ಓದುವಾಗ ಬೇರಿನ ಚಿತ್ರ ಎಷ್ಟೋ ಸಲ ಬರೆದಿದ್ದೆ. ಆದರೆ ಬೇರು ಏನು ಹೇಳುತ್ತೆ ಅಂತ ತಿಳಿದದ್ದು ಗುದ್ದಲಿ ಹಿಡಿದು ಗಿಡ ಅಗೆದು ನೋಡೋಕೆ ಶುರು ಮಾಡಿದ ಮೇಲೆ. ಈ ವಾರ ಅದನ್ನೇ ಕಲಿಯೋಣ.

ನೀರು ಕುಡಿಯೋದು ಬೇರಿನ ಯಾವ ಭಾಗ?

ದಪ್ಪ ಬೇರು ಗಿಡವನ್ನು ನಿಲ್ಲಿಸುತ್ತೆ, ನೀರನ್ನು ಮೇಲಕ್ಕೆ ಸಾಗಿಸುತ್ತೆ. ನೀರು, ಗೊಬ್ಬರ ಹೀರುವ ಹೆಚ್ಚಿನ ಕೆಲಸ ನಡೆಯೋದು ಬೇರಿನ ಎಳೆಯ ತುದಿಗಳ ಹತ್ತಿರ. ತುದಿಯಲ್ಲಿ ಒಂದು ಸಣ್ಣ ಟೋಪಿ ಇರುತ್ತೆ, ಮಣ್ಣು ತಳ್ಳಿಕೊಂಡು ಹೋಗುವಾಗ ತುದಿ ಸವೆಯದಂತೆ ಅದು ಕಾಯುತ್ತೆ. ಅದರ ಸ್ವಲ್ಪ ಹಿಂದೆ ರೇಷ್ಮೆ ಎಳೆಯಂಥ ಬೇರು ರೋಮಗಳು ಇರುತ್ತವೆ. ಒಂದೊಂದು ರೋಮವೂ ಒಂದೇ ಜೀವಕೋಶ. ಇವು ಹೆಚ್ಚು ದಿನ ಬಾಳಲ್ಲ. ಬೇರು ಮುಂದೆ ಬೆಳೆದಂತೆ ಹಳೆಯವು ಸತ್ತು ಹೊಸವು ಹುಟ್ಟುತ್ತಲೇ ಇರುತ್ತವೆ.

ಎಷ್ಟಿರುತ್ತವೆ ಗೊತ್ತಾ? 1937ರಲ್ಲಿ ಅಮೆರಿಕದ ಡಿಟ್ಮರ್ ಎಂಬ ವಿಜ್ಞಾನಿ ಸುಮಾರು ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳ ಲೆಕ್ಕವನ್ನು ಪ್ರಕಟಿಸಿದರು. ಬೇರುಗಳ ಒಟ್ಟು ಉದ್ದ 600 ಕಿಲೋಮೀಟರ್‌ಗೂ ಹೆಚ್ಚು, ರೋಮಗಳ ಸಂಖ್ಯೆ ಸುಮಾರು 1,400 ಕೋಟಿ!

ಸಸಿ ಕಿತ್ತು ನೆಟ್ಟ ಮೇಲೆ ಎರಡು ಮೂರು ದಿನ ಬಾಡೋದು ಇದಕ್ಕೇ. ಕೀಳುವಾಗ ರೋಮಗಳು ಹರಿದು ಹೋಗಿರುತ್ತವೆ, ಹೊಸದು ಬರೋವರೆಗೆ ಗಿಡಕ್ಕೆ ಕುಡಿಯೋ ಬಾಯೇ ಕಡಿಮೆ. ಪ್ರೊ ಟ್ರೇ ಸಸಿ ಬೇಗ ಹಿಡಿಯೋದು, ಸಂಜೆ ನೆಟ್ಟ ಸಸಿ ಬದುಕೋದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ.

ಬೇರಿಗೂ ಉಸಿರು ಬೇಕು

ಒಳ್ಳೆಯ ಮಣ್ಣಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಸಂದುಗಳೇ ಇರುತ್ತವೆ. ಕೆಲವು ಸಂದಿನಲ್ಲಿ ನೀರು, ಕೆಲವದರಲ್ಲಿ ಗಾಳಿ. ಬೇರು ಈ ಗಾಳಿಯಲ್ಲಿರುವ ಆಮ್ಲಜನಕ ಬಳಸಿ, ಎಲೆ ಕಳಿಸಿದ ಸಕ್ಕರೆಯಿಂದ ಶಕ್ತಿ ಪಡೆಯುತ್ತೆ. ಆ ಶಕ್ತಿ ಇಲ್ಲದೆ ಬೇರು ಬೆಳೆಯಲ್ಲ, ಪೋಷಕಾಂಶ ಒಳಗೆ ಎಳೆದುಕೊಳ್ಳೋಕೂ ಆಗಲ್ಲ.

ನೀರು ಜಾಸ್ತಿಯಾದರೆ ಗಾಳಿ ಇರಬೇಕಾದ ಸಂದಿಗೂ ನೀರು ತುಂಬುತ್ತೆ. ಗಾಳಿಯಲ್ಲಿ ಹರಡೋದಕ್ಕಿಂತ ನೀರಿನಲ್ಲಿ ಆಮ್ಲಜನಕ ಹರಡೋದು ಸುಮಾರು 10,000 ಪಟ್ಟು ನಿಧಾನ. ಬೇರಿಗೆ ಉಸಿರು ಕಟ್ಟುತ್ತೆ, ನೀರು ಹೀರುವ ಶಕ್ತಿ ಕುಸಿಯುತ್ತೆ. ಕಾಲ ಬುಡದಲ್ಲೇ ನೀರಿದ್ದರೂ ಗಿಡ ಬಾಡುತ್ತೆ! ಆಗ ನಾವು ಇನ್ನಷ್ಟು ನೀರು ಬಿಟ್ಟರೆ ಉಸಿರು ಕಟ್ಟಿದವನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಟೊಮ್ಯಾಟೊ ಇದನ್ನು ಹೇಳಿಯೂ ಹೇಳುತ್ತೆ. ನೀರು ನಿಂತಾಗ ಅದರ ಎಲೆ ತೊಟ್ಟುಗಳು ಕೆಳಕ್ಕೆ ಬಾಗುತ್ತವೆ, ಕಾಂಡದ ಬುಡದಲ್ಲಿ ಹೊಸ ಬೇರಿನ ಮೊಗ್ಗು ಕಾಣಿಸಬಹುದು.

ಪೋಷಕಾಂಶ ಬೇರಿನ ಹತ್ತಿರ ಬರೋದು ಹೇಗೆ?

ಎಲ್ಲಾ ಪೋಷಕಾಂಶವೂ ಒಂದೇ ಥರ ಓಡಾಡಲ್ಲ.

ನೈಟ್ರೇಟ್ ರೂಪದ ಸಾರಜನಕ ನೀರಿನ ಜೊತೆ ಹರಿದು ಬರುತ್ತೆ. ಹಾಗೇ ನೀರು ಜಾಸ್ತಿಯಾದರೆ ಕೆಳಕ್ಕೆ ಬಸಿದೂ ಹೋಗುತ್ತೆ.

ರಂಜಕ ಇದ್ದ ಜಾಗ ಬಿಟ್ಟು ಕದಲೋದು ಬಹಳ ಕಡಿಮೆ. ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ಅದಕ್ಕೇ ರಂಜಕದ ಗೊಬ್ಬರವನ್ನು ಮಣ್ಣಿನ ಮೇಲೆ ಎರಚೋದಕ್ಕಿಂತ ಬೇರು ಬೆಳೆಯೋ ಜಾಗದಲ್ಲಿ ಮಣ್ಣಿಗೆ ಸೇರಿಸೋದು ಒಳ್ಳೇದು.

ಕ್ಯಾಲ್ಸಿಯಂ ಗಿಡದೊಳಗೆ ಹೋಗೋದು ಮುಖ್ಯವಾಗಿ ಎಳೆಯ ಬೇರಿನ ತುದಿಯಿಂದ. ನೀರಿನ ಜೊತೆಗೇ ಮೇಲೆ ಏರುತ್ತೆ. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಕೊಳೆಯೋದು ನೋಡಿದ್ದೀರಲ್ಲ? ಅದು ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬರೋದು. ಆದರೆ ಎಷ್ಟೋ ಹೊಲದಲ್ಲಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತೆ. ನಾಲ್ಕು ದಿನ ಒಣಗಿಸಿ ಐದನೇ ದಿನ ಮುಳುಗಿಸಿದರೆ ಬೇರಿನ ತುದಿ ಹಾಳಾಗಿ ಅದು ಮೇಲೆ ಹೋಗಲ್ಲ. ಸ್ಪ್ರೇ ಕೊಳ್ಳೋ ಮೊದಲು ನೀರು ಕೊಡೋ ರೀತಿ ಸರಿ ಮಾಡಿ.

ಬೇರಿನ ಪಾಲುದಾರರು

ಎಲೆ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರು ಮಣ್ಣಿನ ಜೀವಿಗಳಿಗೆ ಕೊಡುತ್ತೆ. ಮೈಕೊರೈಜಾ ಶಿಲೀಂಧ್ರ ಅದನ್ನು ತಿಂದು, ತನ್ನ ಎಳೆಗಳನ್ನು ರೋಮ ಮುಟ್ಟದ ಜಾಗಕ್ಕೆ ಚಾಚಿ ರಂಜಕ ತಂದುಕೊಡುತ್ತೆ. ಒಂದು ವಿಷಯ ನೆನಪಿಡಿ: ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಈ ಶಿಲೀಂಧ್ರದ ಜೊತೆ ಸೇರಲ್ಲ. ಇವಕ್ಕೆ ಮೈಕೊರೈಜಾ ಪುಡಿ ಕೊಂಡು ಹಾಕಿದರೆ ದುಡ್ಡು ದಂಡ.

ಅವರೆ, ಅಲಸಂದೆ, ಶೇಂಗಾ ಬೇರಿನಲ್ಲಿ ರೈಜೋಬಿಯಂ ಗಂಟು ಇರುತ್ತೆ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಸಾರಜನಕ ಕೂಡಿಸೋ ಕೆಲಸ ನಡೀತಿದೆ ಅಂತ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ಇನ್ನೂ ಶುರುವಾಗಿಲ್ಲ, ಇಲ್ಲಾ ಮುಗಿದಿದೆ.

ನಮ್ಮ ಹಿರಿಯರ ಅಕ್ಕಡಿ ಸಾಲಿನಲ್ಲೂ ಬೇರಿನ ಲೆಕ್ಕಾಚಾರ ಇದೆ. ರಾಗಿಯ ನಾರುಬೇರು ಮೇಲ್ಮಣ್ಣಿನಲ್ಲಿ ಹರಡುತ್ತೆ, ಜೊತೆಗಿರುವ ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತೆ. ಒಂದೇ ಹೊಲ, ಎರಡು ಅಂತಸ್ತು.

ಅಗೆದು ನೋಡೋ ವಿಧಾನ

ಬಾಡಿದ ಒಂದು ಗಿಡ, ಚೆನ್ನಾಗಿರುವ ಒಂದು ಗಿಡ ಆರಿಸಿ. ಕೈಯಿಂದ ಕೀಳಬೇಡಿ, ಸಣ್ಣ ಬೇರೆಲ್ಲಾ ಮಣ್ಣಲ್ಲೇ ಉಳಿಯುತ್ತೆ. ಬುಡದಿಂದ ಅರ್ಧ ಅಡಿ ದೂರದಲ್ಲಿ ಸುತ್ತ ಅಗೆದು ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆಲ್ಲಗೆ ತೊಳೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

• ಬಿಳಿ ತುದಿಗಳು ತುಂಬಾ ಇವೆ: ಬೇರು ಆರೋಗ್ಯವಾಗಿದೆ. ಆದರೂ ಗಿಡ ಹಸಿರಾಗಿದ್ದ ಹಾಗೇ ದಿಢೀರ್ ಬಾಡಿದ್ರೆ ಕಾಂಡದ ಬುಡ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತೂಗಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಆ ಗಿಡ ಉಳಿಯಲ್ಲ, ಮಣ್ಣು ಸಮೇತ ಹೊಲದಿಂದ ಆಚೆ ಹಾಕಿ.
• ಬೇರು ಕಂದು, ಎಳೆದರೆ ಸಿಪ್ಪೆ ಕಳಚಿ ಬರುತ್ತೆ, ಕೆಟ್ಟ ವಾಸನೆ: ಬೇರು ಕೊಳೆತಿದೆ. ನೀರು ನಿಲ್ಲಿಸಿ, ಬಸಿಗಾಲುವೆ ತೆಗೆಯಿರಿ.
• ಬೇರೇ ಊದಿಕೊಂಡು ಗಂಟುಗಂಟಾಗಿದೆ: ಬೇರುಗಂಟು ಜಂತುಹುಳು, ಅಂದ್ರೆ ನೆಮಟೋಡ್. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತೆ, ಉಜ್ಜಿದರೆ ಬಿಡುತ್ತೆ. ಇದು ಬಿಡಲ್ಲ. ಮುಂದಿನ ಬೆಳೆ ಬದಲಿಸಿ, ಚೆಂಡುಹೂ ಹಾಕಿ.
• ಕೆಳಗೆ ಹೋದ ಬೇರು ಅಡ್ಡ ತಿರುಗಿದೆ: ಕೆಳಗೆ ಗಟ್ಟಿ ಪದರ ಇದೆ. ಪ್ರತಿ ಸಲ ರೋಟವೇಟರ್ ಒಂದೇ ಆಳಕ್ಕೆ ಹೊಡೆದರೆ ಹೀಗಾಗುತ್ತೆ.
• ಬೇರು ಟ್ರೇ ಗುಳಿಯ ಆಕಾರದಲ್ಲೇ ಸುತ್ತಿಕೊಂಡಿದೆ: ಸಸಿಗೆ ವಯಸ್ಸಾಗಿತ್ತು. ಟೊಮ್ಯಾಟೊ ಸಸಿ 25ರಿಂದ 30 ದಿನದೊಳಗೆ ನೆಡಿ.

ಇನ್ನು ಮುಂದೆ ಏನು ಮಾಡೋಣ?

ನೀರು ಬಿಟ್ಟು ಒಂದು ಗಂಟೆ ಆದ ಮೇಲೆ ಒಂದು ಕಬ್ಬಿಣದ ಸರಳು ಮಣ್ಣಿಗೆ ಒತ್ತಿ. ಒದ್ದೆ ಇರೋವರೆಗೆ ಸುಲಭವಾಗಿ ಇಳಿಯುತ್ತೆ. ನಾಲ್ಕೇ ಬೆರಳು ಇಳಿದರೆ ಬೇರೂ ನಾಲ್ಕು ಬೆರಳಿನಲ್ಲೇ ಉಳಿಯುತ್ತೆ, ಬಿಸಿಲು ಹೆಚ್ಚಾದಾಗ ಮೊದಲು ಬಾಡುತ್ತೆ. ನಾಟಿ ಮಾಡಿದ ಟೊಮ್ಯಾಟೊಗೆ ಒಂದು ಅಡಿಯಾದರೂ ನೆನೆಯಬೇಕು. ದಿನಾ ಚೂರು ಚೂರು ಕೊಡೋ ಬದಲು ಸ್ವಲ್ಪ ಅಂತರ ಬಿಟ್ಟು ಆಳಕ್ಕೆ ಕೊಡಿ.

ಜಿಗುಟು ಮಣ್ಣಾದರೆ ಏರುಮಡಿ ಮಾಡಿಯೇ ನೆಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಹುಲ್ಲು ತರಗಿನ ಹೊದಿಕೆ ಕೊಡಿ. ಟೊಮ್ಯಾಟೊ ಕಾಂಡಕ್ಕೆ ಬೇರು ಬಿಡೋ ಗುಣ ಇದೆ, ಹಾಗಾಗಿ ಬುಡಕ್ಕೆ ಮಣ್ಣು ಏರಿಸಿದರೆ ಹೊಸ ಬೇರು ಬರುತ್ತೆ. ಬೆಳೆ ಇಲ್ಲದಾಗ ಸೆಣಬು ಅಥವಾ ಡಯಾಂಚ ಬಿತ್ತಿ. ಅವುಗಳ ಬೇರು ಸತ್ತ ಮೇಲೆ ಉಳಿಯೋ ದಾರಿಯಲ್ಲೇ ಮುಂದಿನ ಬೆಳೆಯ ಬೇರು, ಗಾಳಿ, ನೀರು ಇಳಿಯುತ್ತವೆ.

ಈ ವಾರ ಒಂದೇ ಒಂದು ಗಿಡ ಅಗೆದು, ತೊಳೆದು, ಫೋಟೊ ತೆಗೆದಿಡಿ. ಅಂಗಡಿಗೆ ಹೋಗೋದೇ ಆದರೆ ಆ ಫೋಟೊ ನೋಡಿದ ಮೇಲೆ ಹೋಗಿ.