ಬೀಗ ಹಾಕಿದ ಮನೆಯ ಮತ

ಮಗೂ, ವೋಟರ್ ಐಡಿ ಕೈಸೇರಿತೆಂದು ಫೋಟೋ ಕಳಿಸಿದ್ದೆಯಲ್ಲ, ನೋಡಿ ಹಿಗ್ಗಿದೆ. ಆದರೆ ಒಂದು ಮಾತು ಕೇಳು. ಮತದ ಹಕ್ಕು ಇರುವುದು ಆ ಕಾರ್ಡಿನಲ್ಲಲ್ಲ, ಮತದಾರರ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದರೆ ಪಾಸ್‌ಪೋರ್ಟೋ ಡ್ರೈವಿಂಗ್ ಲೈಸೆನ್ಸೋ ತೋರಿಸಿಯೂ ಮತ ಹಾಕಬಹುದು. ಹೆಸರಿಲ್ಲದಿದ್ದರೆ ಹೊಚ್ಚಹೊಸ ಕಾರ್ಡ್ ಹಿಡಿದು ಬಂದರೂ ವಾಪಸು ಹೋಗಬೇಕಾಗುತ್ತದೆ.

ಮೇಷ್ಟರಾಗಿದ್ದಾಗ ನಾನು ಹಲಸೂರಿನಲ್ಲಿ ಬಿಎಲ್‌ಓ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವನ್ನೂ ಮಾಡಿದೆ. ಕೆರೆಯ ಹತ್ತಿರದ ಗಲ್ಲಿಯೊಂದರಲ್ಲಿ ಮಹಡಿ ಮನೆಗೆ ಬೀಗ ಬಿದ್ದಿತ್ತು. ಎರಡು ಸಲ ಹೋದೆ. "ಖಾಲಿ ಮಾಡ್ಕೊಂಡು ಹೋದ್ರು ಸಾರ್" ಎಂದರು ಪಕ್ಕದ ಮನೆಯವರು. ನಂಬಿದೆ, ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ವಾರ ಕಳೆದ ಮೇಲೆ ಅದೇ ಮೆಟ್ಟಿಲ ಮೇಲೆ ಹಸುಗೂಸು ಎತ್ತಿಕೊಂಡು ಆ ಮನೆಯ ಹೆಣ್ಣುಮಗಳು ಎದುರಾದಳು. ಬಾಣಂತನಕ್ಕೆ ತವರಿಗೆ ಹೋಗಿದ್ದಳಂತೆ, ಅಷ್ಟೇ. ಅಲ್ಲೇ ನಿಂತು ಗುರುತು ಅಳಿಸಿದೆ. ಹೆಸರು ತೆಗೆಯುವ ಮುಂಚೆ ನೋಟಿಸು ಕೊಡಬೇಕು, ಅವರ ಮಾತು ಕೇಳಬೇಕು ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ಬೀಗ ಹಾಕಿದ ಮನೆಯಲ್ಲಿ ನೋಟಿಸು ಓದುವವರು ಯಾರು? ಆ ಪೆನ್ಸಿಲ್ ಗೆರೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಪಟ್ಟಿಯನ್ನೇ ತೆರೆದು ನೋಡಿದರೆ ತೆಗೆದ ಹೆಸರಿನ ಜೊತೆ ಒಂದೊಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಇ' ಅಂದರೆ ತೀರಿಕೊಂಡವರು, 'ಎಸ್' ಅಂದರೆ ಮನೆ ಬದಲಿಸಿದವರು, 'ಆರ್' ಅಂದರೆ ಎರಡು ಕಡೆ ಬಂದವರು. ಬದುಕಿರುವ ಮನುಷ್ಯನ ಪಕ್ಕ 'ಇ' ಬಿದ್ದರೆ ಅದನ್ನು ಮೊದಲು ಕಾಣಬೇಕಾದವನು ಅವನೇ.

ನಮ್ಮ ಬೆಂಗಳೂರಿನಲ್ಲೇ ಏನಾಯಿತೆಂದು ನೆನಪಿಸಿಕೋ. 2022ರ ನವೆಂಬರಿನಲ್ಲಿ, ಜಾಗೃತಿಗೆಂದು ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಜನ ಮನೆಮನೆಗೆ ಹೋಗಿ ಮತದಾರರ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಬಂತು. ಚುನಾವಣಾ ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷ ಸೇರಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಆದೇಶಿಸಿತು. ಅದರ ಮೇಲ್ವಿಚಾರಣೆಗೆ ಪಾಲಿಕೆಯ ಹೊರಗಿನ ಅಧಿಕಾರಿಗಳನ್ನು ನೇಮಿಸಿತು. ಕತ್ತಿನಲ್ಲಿ ಕಾರ್ಡ್ ತೂಗಿಹಾಕಿಕೊಂಡು ಬಂದವರಿಗೆಲ್ಲ ಆಧಾರ್, ಫೋನ್ ನಂಬರ್ ಕೊಡಬೇಡ. 1950ಕ್ಕೆ ಫೋನ್ ಮಾಡಿ ನಿಮ್ಮ ಬಿಎಲ್‌ಓ ಯಾರೆಂದು ಕೇಳಿಕೋ.

ಇನ್ನು ಹುಡುಕುವ ರೀತಿ. ಆಯೋಗದ ವೋಟರ್ಸ್ ಪೋರ್ಟಲಿನಲ್ಲಿ ಹೆಸರಿನಿಂದ ಹುಡುಕಿ ಸಿಗಲಿಲ್ಲವೆಂದು ಕೈಚೆಲ್ಲಬೇಡ. ಕಂಟೋನ್ಮೆಂಟ್ ಕಡೆ ತಮಿಳು, ಉರ್ದು, ತೆಲುಗು ಹೆಸರುಗಳು ಪಟ್ಟಿಗೆ ಬರುವಷ್ಟರಲ್ಲಿ ಹತ್ತು ರೂಪ ತಾಳಿರುತ್ತವೆ. ಮುನಿಯಮ್ಮಾಳ್ ಮುನಿಯಮ್ಮ ಆಗಿರುತ್ತಾಳೆ, ಇನಿಷಿಯಲ್ ಹೆಸರಿನ ಹಿಂದಕ್ಕೆ ಹೋಗಿರುತ್ತದೆ. ಕಾರ್ಡಿನ ಮೇಲಿನ ಎಪಿಕ್ ಸಂಖ್ಯೆ ಹಾಕು. ಸಿಕ್ಕ ಮೇಲೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೋ.

ನಿಮ್ಮಪ್ಪ ಹಲಸೂರು ಬಿಟ್ಟು ಕೆ.ಆರ್. ಪುರಕ್ಕೆ ಬಂದು ವರ್ಷಗಳಾದರೂ ಹೆಸರು ಇನ್ನೂ ಅಲ್ಲೇ ಇದೆ. ಹಲಸೂರು ಶಿವಾಜಿನಗರ ಕ್ಷೇತ್ರ, ಲೋಕಸಭೆಗೆ ಬೆಂಗಳೂರು ಕೇಂದ್ರ, ಕೆ.ಆರ್. ಪುರ ಬೆಂಗಳೂರು ಉತ್ತರಕ್ಕೆ ಸೇರುತ್ತದೆ. ನಮೂನೆ 8 ತುಂಬಿಸಿ ವರ್ಗಾಯಿಸಿಕೊಳ್ಳಲು ಹೇಳು. ಹೊಸದಾಗಿ ನಮೂನೆ 6 ಹಾಕಿ ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಬೇಡ, 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲೂ ಉಂಟು. ನಿನ್ನ ಗೆಳತಿಯರಿಗೂ ಹೇಳು: ಹದಿನೆಂಟು ತುಂಬಿದವರು ಈಗ ಜನವರಿಗೆ ಕಾಯಬೇಕಿಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕೂ ಅರ್ಹತಾ ದಿನಾಂಕಗಳು.

ಬೇರೆಯವರ ಹೆಸರು ತೆಗೆಸಲು ನಮೂನೆ 7ಕ್ಕೆ ಸಹಿ ಹಾಕು ಎಂದು ಯಾರಾದರೂ ಕಟ್ಟು ತಂದರೆ, ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕಬೇಡ. ನಾನು ಪಕ್ಕದ ಮನೆಯವರ ಮಾತು ನಂಬಿ ಮಾಡಿದ ತಪ್ಪೇ ಅದು.

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿ ತಿದ್ದುವಂತಿಲ್ಲ. ಹಾಗಾಗಿ ಈ ಭಾನುವಾರವೇ ಅಪ್ಪ ಅಮ್ಮನ ಕಾರ್ಡ್ ತೆಗೆಸಿ ಸಂಖ್ಯೆ ಹಾಕಿ ನೋಡು. ಕೆಳಮನೆಯ ಅಜ್ಜಿಗೆ ಮೊಬೈಲ್ ನೋಡಲು ಬರುವುದಿಲ್ಲ. ಅವರದನ್ನೂ ನೀನೇ ನೋಡಿಕೊಡು.